ಪಾರಿವಾಳದ ಗೂಡಿಗೆ ಬೇರೆಯದೇ ಚಪ್ಪಲಿ

ಕಳೆದ ವಾರ ಕಾರವಾರದ ಕೋಡಿಬಾಗದ ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ, ಒಂದು ಕಾಗೆ ಸತ್ತು ಬಿದ್ದಿತ್ತು. ಅಲ್ಲಿಂದ ಗೂಡಿನ ಜಾಳಿಗೆಗೆ ನಾಲ್ಕೇ ಮಾರು. ಗೂಡಿನೊಳಗೆ 24 ಹೋಮರ್ ಪಾರಿವಾಳಗಳು, ಅಂದರೆ ದೂರ ಬಿಟ್ಟರೂ ಮನೆಗೆ ಮರಳುವ ರೇಸಿನ ಹಕ್ಕಿಗಳು, ಬೆಳಗಿನ ಕಾಳಿಗಾಗಿ ರೆಕ್ಕೆ ಬಡಿಯುತ್ತಿದ್ದವು. ನಾನು ಅವುಗಳ ಹತ್ತಿರ ಹೋಗದೆ ಕೆಳಗಿಳಿದು ಬಂದೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮೂಗು ಬಾಯಿ ಮುಚ್ಚಿಕೊಂಡು ಮತ್ತೆ ಹತ್ತಿ, ಕಾಗೆಯನ್ನು ಎರಡು ಚೀಲಗಳೊಳಗೆ ಕಟ್ಟಿಟ್ಟು ಪಶು ಆಸ್ಪತ್ರೆಗೆ ಫೋನ್ ಮಾಡಿದೆ. ಸುತ್ತಮುತ್ತ ಬೇರೆ ಕಾಗೆಗಳು ಸತ್ತಿವೆಯೇ, ಯಾರದಾದರೂ ಮನೆಯ ಕೋಳಿಗಳು ಸಾಯುತ್ತಿವೆಯೇ ಎಂದು ವಿಚಾರಿಸಿದ ವೈದ್ಯರು, ಇನ್ನೊಂದು ಬಿದ್ದರೂ ತಕ್ಷಣ ತಿಳಿಸಬೇಕೆಂದು ಹೇಳಿ, ಇದನ್ನು ಸುಣ್ಣ ಹಾಕಿ ಆಳವಾಗಿ ಹೂಳಿಸಿದರು. ಆಮೇಲೆ ಯಾವ ಕಾಗೆಯೂ ಬೀಳಲಿಲ್ಲ. ಅದು ವಿದ್ಯುತ್ ತಂತಿ ತಗುಲಿ ಸತ್ತಿರಬಹುದು. ಆದರೆ ಆ ಸುದ್ದಿ ಕೇಳಿದ ಗೆಳೆಯರೆಲ್ಲರೂ ಒಂದೇ ಮಾತು ಹೇಳಿದ್ದರಿಂದ ಇದನ್ನು ಬರೆಯಬೇಕೆನಿಸಿತು. "ಪಾರಿವಾಳಕ್ಕೆ ಹಕ್ಕಿಜ್ವರ ಬರುವುದಿಲ್ಲವಂತಲ್ಲ, ನೀನೇಕೆ ಇಷ್ಟು ಹೆದರುತ್ತೀ?" ಎಂಬುದು ಆ ಮಾತು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ರಯೋಗಾಲಯಗಳಲ್ಲಿ ಪಾರಿವಾಳಗಳಿಗೆ ಹಕ್ಕಿಜ್ವರದ ವೈರಸ್ಸನ್ನು ಬೇಕೆಂದೇ ಕೊಟ್ಟು ನೋಡಿದಾಗ, ಕೋಳಿಗಳು ಒಂದೆರಡು ದಿನಗಳಲ್ಲಿ ಸಾಯುವಷ್ಟು ಪ್ರಮಾಣದಲ್ಲಿ ಕೊಟ್ಟರೂ, ಅವುಗಳಲ್ಲಿ ಹೆಚ್ಚಿನವು ಕಾಯಿಲೆ ಬೀಳಲಿಲ್ಲ. ಹಿಕ್ಕೆ ಮತ್ತು ಉಸಿರಿನ ಮೂಲಕ ಅವು ಹೊರಹಾಕಿದ ವೈರಸ್ ಕೂಡ ಕಡಿಮೆಯೇ. ಆದರೆ ಕಡಿಮೆ ಎಂಬುದು ಇಲ್ಲವೇ ಇಲ್ಲ ಎಂದಾಗುವುದಿಲ್ಲ. ಹಕ್ಕಿಜ್ವರದ ವೈರಸ್ಸಿನ ಒಂದು ಬಗೆಯಾದ ಎಚ್5ಎನ್1ರ ಕೆಲವು ತಳಿಗಳಿಂದ ಪಾರಿವಾಳಗಳು ಸತ್ತದ್ದೂ ಉಂಟು. ಅದಕ್ಕಿಂತ ಮುಖ್ಯವಾಗಿ, ತಾನು ಕಾಯಿಲೆ ಬೀಳದ ಹಕ್ಕಿಯೂ ಕಾಲಿಗೆ ಮೆತ್ತಿದ ಹಿಕ್ಕೆಯನ್ನು, ರೆಕ್ಕೆಗೆ ಅಂಟಿದ ಕೆಸರನ್ನು ಮನೆಗೆ ಹೊತ್ತು ತರಬಲ್ಲದು. ನಮ್ಮ ಹಕ್ಕಿಗಳಿಗೆ ನಾವು ಕಲಿಸುವುದೇ ದೂರ ಹೋಗಿ ತಪ್ಪದೆ ಮನೆಗೆ ಬರುವುದನ್ನು.

ನಮ್ಮ ಜಿಲ್ಲೆಯಲ್ಲಿ ಇದನ್ನು ಇನ್ನಷ್ಟು ಯೋಚಿಸಬೇಕು. ಮಳೆ ಮುಗಿದು ಆಕಾಶ ತೆರವಾದ ಮೇಲೆ ನಾವು ಹಕ್ಕಿಗಳನ್ನು ಪಳಗಿಸಲು ಅಂಕೋಲಾ, ಕುಮಟಾ, ಹೊನ್ನಾವರ ಎಂದು ಒಂದೊಂದೇ ಊರು ದೂರ ಒಯ್ದು ಹಾರಿಬಿಡುತ್ತೇವೆ. ಉತ್ತರದ ವಲಸೆ ಹಕ್ಕಿಗಳು ನಮ್ಮ ಅಳಿವೆಗಳಿಗೆ ಇಳಿಯುವುದೂ ಅದೇ ತಿಂಗಳುಗಳಲ್ಲಿ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯ ಕೆಸರು ಬಯಲುಗಳು, ಗಂಗಾವಳಿಯ ಮುಖ, ನಮ್ಮ ಕಾಳಿಯ ದಿಬ್ಬಗಳು, ಇವೆಲ್ಲ ಹೊನ್ನಾವರದಿಂದ ಮರಳುವ ಪಾರಿವಾಳದ ದಾರಿಯಲ್ಲೇ ಇವೆ. ಹಕ್ಕಿಜ್ವರದ ವೈರಸ್ಸಿನ ಸಹಜ ನೆಲೆ ನೀರುಹಕ್ಕಿಗಳು. ವಲಸೆ ಹಕ್ಕಿಗಳನ್ನು ದೂರಲು ನಾನು ಈ ಮಾತು ಹೇಳುತ್ತಿಲ್ಲ. ಅವು ನಮಗಿಂತ ಹಿಂದಿನಿಂದಲೂ ಇಲ್ಲಿಗೆ ಬರುತ್ತಿವೆ. ಬಾಯಾರಿದ ಪಾರಿವಾಳ ಅಲ್ಲಿ ಇಳಿಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಹಾರಿಬಿಡುವ ಮುಂಚೆ ಬುಟ್ಟಿಯಲ್ಲೇ ನೀರು ಕುಡಿಸಬೇಕು, ಬಿಸಿಲೇರಿದ ಮೇಲೆ ಬಿಡಬಾರದು, ಪಳಗದ ಮರಿಯನ್ನು ಏಕಾಏಕಿ ದೂರ ಒಯ್ಯಬಾರದು.

ದೇಶದಲ್ಲಿ ಈ ರೋಗ ಮೊದಲು ದೃಢಪಟ್ಟದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿ ಫಾರ್ಮುಗಳಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ, 2020ರಲ್ಲಿ ಮೈಸೂರಿನ ಕುಂಬಾರಕೊಪ್ಪಲು ಮತ್ತು ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ ಹಾಗೂ ಸಂಡೂರಿನ ಕುರೆಕುಪ್ಪದಲ್ಲಿ ಕಾಣಿಸಿಕೊಂಡಿತು. 2021ರ ಜನವರಿಯಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಕಾಗೆಗಳೂ, ಹಿಮಾಚಲದ ಪೋಂಗ್ ಜಲಾಶಯದಲ್ಲಿ ಪಟ್ಟೆತಲೆ ಹೆಬ್ಬಾತುಗಳೂ ಸತ್ತು ಬಿದ್ದವು. ಹೀಗಾಗಿ ತಾರಸಿಯ ಮೇಲಿನ ಸತ್ತ ಕಾಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳುವ ಕಾಲ ಇದಲ್ಲ.

ಆದರೂ ನನ್ನ ಗೂಡಿಗೆ ಬಂದೆರಗಿದ ಆಪತ್ತು ಹಕ್ಕಿಜ್ವರವಲ್ಲ. ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ಹೊಸತರಲ್ಲಿ, ಹೊರಜಿಲ್ಲೆಯ ಒಬ್ಬರಿಂದ ಒಂದು ಜೋಡಿ ಹಕ್ಕಿ ತಂದೆ. ಗಂಡಿನ ಕಣ್ಣು, ಎದೆಯ ಕಟ್ಟು, ರೆಕ್ಕೆಯ ತುದಿ, ಎಲ್ಲವೂ ನೋಡಲು ಬಹಳ ಚೆನ್ನಾಗಿದ್ದವು. ಬಸ್ಸಿನಲ್ಲಿ ಬಂದು ಬಳಲಿವೆ, ಬೇಗ ಉಳಿದವುಗಳ ಜೊತೆ ಹೊಂದಿಕೊಳ್ಳಲಿ ಎಂದು ಅಂದು ಸಂಜೆಯೇ ಗೂಡಿನೊಳಗೆ ಬಿಟ್ಟೆ. ಕೆಲವು ದಿನ ಕಳೆಯುವಷ್ಟರಲ್ಲಿ ಹಕ್ಕಿಗಳು ಅತಿಯಾಗಿ ನೀರು ಕುಡಿಯತೊಡಗಿದವು. ಹಲಗೆಯ ಮೇಲೆ ಉಂಡೆಯಾಗಿ ಬೀಳಬೇಕಿದ್ದ ಹಿಕ್ಕೆಯ ಜಾಗದಲ್ಲಿ ನೀರಿನ ಮಡುವು, ಅದರ ನಡುವೆ ಹಸಿರು ಎಳೆ. ಆಮೇಲೆ ನನ್ನ ಬೂದುಬಣ್ಣದ ಹೆಣ್ಣು, ಹಿಂದಿನ ವರ್ಷ ಎಲ್ಲಕ್ಕಿಂತ ಮುಂಚೆ ಮನೆ ಸೇರಿದ್ದ ಹಕ್ಕಿ, ಬಟಾಣಿ ಕಾಳನ್ನು ಕುಕ್ಕಲು ಹೋಗಿ ಅರ್ಧ ಬೆರಳು ಆಚೆಗೆ ಕುಕ್ಕಿತು. ಮತ್ತೆ ಕುಕ್ಕಿತು, ಮತ್ತೆ ತಪ್ಪಿತು. ಮೂರನೆಯ ಸಲ ಕತ್ತು ತಿರುಚಿಕೊಂಡು, ಕೊಕ್ಕು ಆಕಾಶಕ್ಕೆ ಮುಖಮಾಡಿ, ಇದ್ದಲ್ಲಿಯೇ ಗಿರಗಿರನೆ ಸುತ್ತಿತು. ಕಾಳು ಕಣ್ಣೆದುರಿಗಿದ್ದರೂ ತಿನ್ನಲಾಗದೆ ಅದು ಪಟ್ಟ ಪಾಡು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅದು ಪಾರಿವಾಳದ ಪ್ಯಾರಾಮಿಕ್ಸೋ ರೋಗ. ಕೋಳಿ ಸಾಕುವವರು ಕೊಕ್ಕರೆ ರೋಗ ಅಥವಾ ರಾಣಿಖೇತ್ ಎಂದು ಕರೆಯುವ ಕಾಯಿಲೆಯ ವೈರಸ್ಸಿನದೇ ಒಂದು ತಳಿ ಪಾರಿವಾಳಕ್ಕೆ ಒಗ್ಗಿಕೊಂಡು ಈ ರೂಪ ತಾಳಿದೆ. ಆ ಸಲ ಏಳು ಹಕ್ಕಿಗಳು ಹೋದವು. ನೆನೆಸಿದ ಬಟಾಣಿಯನ್ನು ಒಂದೊಂದಾಗಿ ಬಾಯಿಗಿಟ್ಟು ಆಯಿ ಮತ್ತು ನಾನು ಐದು ವಾರ ನೋಡಿಕೊಂಡ ಮೇಲೆ ಬೂದಿ ಹೆಣ್ಣು ಬದುಕಿತು, ಆದರೆ ಗಾಬರಿಯಾದರೆ ಅದರ ಕತ್ತು ಇಂದಿಗೂ ವಾಲುತ್ತದೆ. ಮಾರಿದವರು ತಮ್ಮ ಗೂಡಿನಲ್ಲಿ ಕಾಯಿಲೆಯಿತ್ತೆಂದು ಒಪ್ಪಲಿಲ್ಲ. ಅವರಿಗೇ ಗೊತ್ತಿರಲಿಲ್ಲವೋ ಏನೋ. ನನಗೆ ಕೋಪವಿರುವುದು ಹೊಸ ಜೋಡಿಯನ್ನು ನಾನು ಬೇರೆಯಾಗಿ ಇಡಬಹುದಾಗಿದ್ದ 30 ದಿನಗಳ ಬಗ್ಗೆ. ಬೇರೆ ಪಂಜರ, ಬೇರೆ ನೀರಿನ ಪಾತ್ರೆ, ಮನೆಯ ಇನ್ನೊಂದು ಬದಿ. ಇಷ್ಟು ಇದ್ದಿದ್ದರೆ ಆ ಜೋಡಿಯ ಕಾಯಿಲೆ ಆ ಜೋಡಿಯಲ್ಲೇ ನಿಲ್ಲುತ್ತಿತ್ತು.

ಹಕ್ಕಿಜ್ವರದ ವಿಷಯದಲ್ಲಿ ಈ ಕತೆಯನ್ನು ಏಕೆ ಹೇಳಿದೆನೆಂದರೆ, ಕತ್ತು ತಿರುಚುವುದು, ತೂರಾಡುವುದು, ಹಸಿರು ಹಿಕ್ಕೆ, ಇವು ಹಕ್ಕಿಜ್ವರದಲ್ಲಿಯೂ ಕಾಣಬಹುದಾದ ಲಕ್ಷಣಗಳು. ನೋಡಿದ ಮಾತ್ರಕ್ಕೆ ಇದು ಅದಲ್ಲ ಎಂದು ಹೇಳಲು ಯಾವ ಅನುಭವಸ್ಥನಿಗೂ ಸಾಧ್ಯವಿಲ್ಲ. ಗಂಟಲು ಮತ್ತು ಗುದದ್ವಾರದಿಂದ ತೆಗೆದ ಮಾದರಿಯನ್ನು ಪ್ರಯೋಗಾಲಯವೇ ನೋಡಿ ಹೇಳಬೇಕು. ದೇಶದಲ್ಲಿ ಕೊನೆಯ ಮಾತು ಭೋಪಾಲದ ರಾಷ್ಟ್ರೀಯ ಅತಿ ಸುರಕ್ಷತಾ ಪ್ರಾಣಿ ರೋಗಗಳ ಸಂಸ್ಥೆಯದು. ಆದ್ದರಿಂದ ಇಂಥ ಹಕ್ಕಿ ಕಂಡಾಗ ಮೆಡಿಕಲ್ ಅಂಗಡಿಯಿಂದ ಯಾವುದೋ ಆ್ಯಂಟಿಬಯೋಟಿಕ್ ತಂದು ನೀರಿಗೆ ಬೆರೆಸುತ್ತಾ ಹತ್ತು ದಿನ ಕಳೆಯುವುದು ಎರಡು ಬಗೆಯಲ್ಲಿ ತಪ್ಪು: ಎರಡೂ ವೈರಸ್ ಕಾಯಿಲೆಗಳಾದ್ದರಿಂದ ಆ ಔಷಧಿ ಅವುಗಳಿಗೆ ನಾಟುವುದಿಲ್ಲ, ಆ ಹತ್ತು ದಿನದಲ್ಲಿ ಕಾಯಿಲೆ ಮಾತ್ರ ಊರೆಲ್ಲ ಸುತ್ತಿರುತ್ತದೆ. ಪ್ಯಾರಾಮಿಕ್ಸೋಗೆ ಲಸಿಕೆಯಿದೆ, ಬ್ರಿಟನ್ನಿನಲ್ಲಿ ರೇಸಿಗಿಳಿಯುವ ಪಾರಿವಾಳಗಳಿಗೆ ಅದು ಕಾನೂನಿನಂತೆ ಕಡ್ಡಾಯ. ಇಲ್ಲಿ ಯಾವ ಲಸಿಕೆ ಸಿಗುತ್ತದೆ, ಯಾವಾಗ, ಎಷ್ಟು ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ಹಾಕಿಸಬೇಕು. ಕಾಯಿಲೆ ಬಿದ್ದ ಹಕ್ಕಿಗೆ ಆಮೇಲೆ ಹಾಕಿಸಿ ಫಲವಿಲ್ಲ. ಹಕ್ಕಿಜ್ವರಕ್ಕಾದರೋ ನಮ್ಮ ಗೂಡಿನ ಬಾಗಿಲೇ ಲಸಿಕೆ.

ಆ ಬಾಗಿಲಿನಲ್ಲಿ ಈಗ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಇರುತ್ತದೆ. ಬೈತಖೋಲದ ಮೀನು ಬಂದರಿಗೆ, ಕೋಳಿ ಅಂಗಡಿಗೆ, ಸಂತೆಗೆ ಮೆಟ್ಟಿಕೊಂಡು ಹೋದ ಚಪ್ಪಲಿ ತಾರಸಿಯ ಮೆಟ್ಟಿಲ ಬುಡದಲ್ಲೇ ನಿಲ್ಲುತ್ತದೆ. ಬಂದರಿನಲ್ಲಿ ಕಡಲಕ್ಕಿಗಳ ಹಿಕ್ಕೆ ತುಳಿಯದೆ ನಡೆಯುವುದು ಯಾರಿಂದಲೂ ಆಗದ ಮಾತು. ಹಕ್ಕಿಜ್ವರದ ವೈರಸ್ ಹಿಕ್ಕೆಯಲ್ಲಿ ತಂಪಿದ್ದರೆ, ಅಂದರೆ 4 ಡಿಗ್ರಿಯಲ್ಲಿ, 35 ದಿನದವರೆಗೂ, ನಮ್ಮ ಸೆಕೆಯ 37 ಡಿಗ್ರಿಯಲ್ಲಿ ಸುಮಾರು 6 ದಿನವೂ ಬದುಕಿರಬಲ್ಲದು. ಚಪ್ಪಲಿಯ ಹಿಮ್ಮಡಿಯ ಗೀರಿನಲ್ಲಿ ಕುಳಿತು ಮನೆಗೆ ಬರಲು ಅಷ್ಟು ಹೊತ್ತು ಧಾರಾಳವಾಯಿತು. ಆದರೆ ವೈರಸ್ಸಿನ ಮೇಲ್ಪದರ ಜಿಡ್ಡಿನದು, ಸಾಬೂನು ಅದನ್ನು ಕರಗಿಸುತ್ತದೆ. ಮೆಟ್ಟಿಲ ಬಳಿ ಸಾಬೂನು ಮತ್ತು ನೀರು ಇಟ್ಟಿರುವುದು ಅದಕ್ಕೇ.

ನೀರಿನ ಬಗ್ಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ಕೋಳಿ ಒಂದು ಗುಟುಕು ತೆಗೆದುಕೊಂಡು ತಲೆಯೆತ್ತಿ ನುಂಗುತ್ತದೆ; ಪಾರಿವಾಳ ಹಾಗಲ್ಲ, ಕೊಕ್ಕನ್ನು ಮೂಗಿನವರೆಗೆ ಅದ್ದಿ ಒಂದೇ ಸಮನೆ ಹೀರುತ್ತದೆ. ಒಂದು ಹಕ್ಕಿಯ ಬಾಯಿ ಮೂಗಿನಲ್ಲಿ ಇದ್ದದ್ದೆಲ್ಲ ಆ ಪಾತ್ರೆಗಿಳಿದು ಉಳಿದವುಗಳ ಹೊಟ್ಟೆ ಸೇರುತ್ತದೆ. ಆದ್ದರಿಂದ ದಿನಕ್ಕೆರಡು ಸಲ ನೀರು ಬದಲಿಸುತ್ತೇನೆ, ಪಾತ್ರೆಯ ಮೇಲೆ ಕಾಗೆ ಕೂರದಂತೆ ಮುಚ್ಚಳವಿದೆ, ತೆರೆದ ಟ್ಯಾಂಕಿನ ನೀರನ್ನು ಕೊಡುವುದಿಲ್ಲ. ತಾರಸಿಯ ಮೇಲೆ ಕಾಳು ಚೆಲ್ಲಿ ಹಕ್ಕಿಗಳನ್ನು ಕರೆಯುವ ಹಳೆಯ ಅಭ್ಯಾಸವನ್ನೂ ಬಿಟ್ಟಿದ್ದೇನೆ. ಹಾಗೆ ಚೆಲ್ಲಿದ ಕಾಳಿಗೆ ಊರ ಪಾರಿವಾಳ, ಗುಬ್ಬಿ, ಕಾಗೆ, ರಾತ್ರಿ ಇಲಿ, ಎಲ್ಲವೂ ಪಂಕ್ತಿ ಹಿಡಿಯುತ್ತವೆ.

ನಮ್ಮ ಕರಾವಳಿಯವರು ಮಾತ್ರ ಮಾಡುವ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಪಾರಿವಾಳಕ್ಕೆ ಸುಣ್ಣದಂಶಕ್ಕಾಗಿ ಬಳಚಿನ ಚಿಪ್ಪಿನ ನುಚ್ಚು ಬೇಕು, ಅದು ನಮಗೆ ಅಳಿವೆಯ ದಂಡೆಯಲ್ಲಿ ಬಿಟ್ಟಿ ಸಿಗುತ್ತದೆ. ನಾನೂ ವರ್ಷಗಟ್ಟಲೆ ಕಾಳಿಯ ದಂಡೆಯಲ್ಲಿ ಆಯ್ದು ತಂದು, ಒಂದಿಷ್ಟು ಕುಟ್ಟಿ, ಹಾಗೆಯೇ ಬಟ್ಟಲಿಗೆ ಹಾಕುತ್ತಿದ್ದೆ. ಒಂದು ದಿನ ಇಳಿತದ ಹೊತ್ತಿಗೆ ಆ ಜಾಗದಲ್ಲಿ ಹತ್ತು ನಿಮಿಷ ನಿಂತು ನೋಡಿದೆ: ಬೆಳ್ಳಕ್ಕಿ, ಕಡಲಕ್ಕಿ, ಕೆಸರಿನಲ್ಲಿ ಓಡಾಡುವ ಸಣ್ಣ ಗದ್ದೆಗೊರವಗಳು, ಎಲ್ಲವೂ ಅದೇ ಚಿಪ್ಪಿನ ರಾಶಿಯ ಮೇಲೆ ಮೇಯುತ್ತ ಹಿಕ್ಕೆ ಹಾಕುತ್ತಿದ್ದವು. ಅಂದಿನಿಂದ ಚಿಪ್ಪನ್ನು ಮೂರು ನೀರಿನಲ್ಲಿ ತೊಳೆದು, ಒಡೆದ ಬಾಣಲೆಯೊಂದರಲ್ಲಿ ಕೈ ತಾಗಿಸಲಾಗದಷ್ಟು ಕಾಯುವಂತೆ ಹುರಿದು, ಬಿಸಿಲಿಗಿಟ್ಟು, ಆಮೇಲೆ ಕುಟ್ಟುತ್ತೇನೆ. 70 ಡಿಗ್ರಿ ಶಾಖಕ್ಕೆ ಈ ವೈರಸ್ ಉಳಿಯುವುದಿಲ್ಲ. ಬಾಣಲೆಯ ಕಾವು ಅದಕ್ಕಿಂತ ಬಹಳ ಹೆಚ್ಚು.

ಹಲಗೆಗಳನ್ನು ಹಳೆಯ ಗಾರೆ ಕರಣೆಯಿಂದ ಕೆರೆಯುವಾಗ ಮೊದಲು ನೀರು ಚಿಮುಕಿಸಿ ನೆನೆಸುತ್ತೇನೆ, ಮೂಗಿಗೆ ಮಾಸ್ಕ್ ಕಟ್ಟುತ್ತೇನೆ. ಒಣ ಹಿಕ್ಕೆಯ ದೂಳು ವರ್ಷಾನುಗಟ್ಟಲೆ ಒಳಹೋದರೆ ಪಾರಿವಾಳ ಸಾಕುವವರ ಶ್ವಾಸಕೋಶವೇ ಗಟ್ಟಿಯಾಗುವ ಕಾಯಿಲೆ ಬೇರೆ ಇದೆ. ಕೆರೆದು ತೊಳೆದ ಮೇಲೆ ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ಹಕ್ಕಿಗಳನ್ನು ಹೊರಗಿಟ್ಟು, ನೆಲ ಮತ್ತು ಬುಟ್ಟಿಗಳಿಗೆ ಬಳಿದು ಹತ್ತು ನಿಮಿಷ ಬಿಡುತ್ತೇನೆ. ಕೆರೆಯದೆ ಹಿಕ್ಕೆಯ ಮೇಲೆಯೇ ಸುರಿದರೆ ಅದರ ಶಕ್ತಿಯೆಲ್ಲ ಹಿಕ್ಕೆಯಲ್ಲೇ ಮುಗಿಯುತ್ತದೆ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಬೆರೆಸಲೇಬಾರದು, ವಿಷಗಾಳಿ ಏಳುತ್ತದೆ. ಮಳೆಗಾಲದಲ್ಲಿ ಗೂಡು ಒಣಗುವುದೇ ಇಲ್ಲವಾದ್ದರಿಂದ ಆಗ ತೊಳೆಯುವುದನ್ನು ಕಡಿಮೆ ಮಾಡಿ ಕೆರೆಯುವುದನ್ನು ಹೆಚ್ಚಿಸುತ್ತೇನೆ.

ರೇಸಿನ ಬುಟ್ಟಿ ನಮ್ಮೆಲ್ಲರ ದುರ್ಬಲ ಜಾಗ. ಹತ್ತಾರು ಗೂಡುಗಳ ಹಕ್ಕಿಗಳು ಒಂದೇ ಬುಟ್ಟಿಯಲ್ಲಿ ಒಂದು ರಾತ್ರಿ ಕಳೆದು, ಬೆಳಿಗ್ಗೆ ಹಾರಿ, ಸಂಜೆಗೆ ಹತ್ತಾರು ಮನೆ ಸೇರುತ್ತವೆ. ರೋಗ ಹರಡಬೇಕೆಂದು ಯಾರಾದರೂ ಕುಳಿತು ಯೋಚಿಸಿದರೂ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಹೊಳೆಯಲಾರದು. ಸುತ್ತಿನ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಂಡಿದೆಯೆಂದಾದರೆ ಆ ಸಲದ ಓಟವನ್ನು ಕೈಬಿಡಬೇಕೆಂದು ನಾನು ಗೆಳೆಯರೊಂದಿಗೆ ವಾದಿಸುತ್ತಲೇ ಇದ್ದೇನೆ, ಕೆಲವರಿಗೆ ಬೇಸರವೂ ಆಗಿದೆ. ದಾರಿ ತಪ್ಪಿ ಬಂದ ಹಕ್ಕಿಯದೂ ಇದೇ ಕತೆ. ಕಾಲಿನ ರಿಂಗ್ ನೋಡಿ, ಒಳ್ಳೆಯ ರಕ್ತದ ಹಕ್ಕಿಯೆಂದು ಆಸೆಪಟ್ಟು ಗೂಡಿಗೆ ಸೇರಿಸಿಕೊಳ್ಳುವವರಿದ್ದಾರೆ. ಅದು ಎಲ್ಲಿ ನೀರು ಕುಡಿದು ಬಂದಿದೆಯೋ ಬಲ್ಲವರಾರು? ಪ್ರತ್ಯೇಕ ಪಂಜರದಲ್ಲಿಟ್ಟು ಕಾಳು ನೀರು ಕೊಟ್ಟು ಯಜಮಾನನಿಗೆ ಸುದ್ದಿ ಮುಟ್ಟಿಸಿದರೆ ನಮ್ಮ ಧರ್ಮ ಮುಗಿಯಿತು.

ಪಕ್ಕದ ಮನೆಯ ಅಕ್ಕೋರು, ನನಗೆ ಮೂರನೆಯ ಇಯತ್ತೆ ಕಲಿಸಿದವರು, ಹತ್ತು ಹದಿನೈದು ಊರುಕೋಳಿ ಸಾಕಿದ್ದಾರೆ. ನನ್ನ ಪಾರಿವಾಳಗಳಿಗಿಂತ ಅವರ ಕೋಳಿಗಳಿಗೇ ಹಕ್ಕಿಜ್ವರದಿಂದ ಅಪಾಯ ಹೆಚ್ಚು, ಆ ಅಪಾಯ ನನ್ನ ತಾರಸಿಯಿಂದ ಇಳಿಯಬಾರದು. ಕಾಗೆ ಸತ್ತ ದಿನವೇ ಹೋಗಿ ಅವರಿಗೆ ಹೇಳಿ, ಕೋಳಿಗಳನ್ನು ಒಂದು ವಾರ ಗೂಡಿನಿಂದ ಬಿಡದಿರಲು ಕೇಳಿಕೊಂಡೆ. "ಹೇಳಿದ್ದು ಒಳ್ಳೆಯದಾಯಿತು ತಮ್ಮಾ, ಎಷ್ಟೋ ಜನ ಮುಚ್ಚಿಡುತ್ತಾರೆ" ಎಂದರು ಅಕ್ಕೋರು. ಮುಚ್ಚಿಡುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿದೆ. ರೋಗ ದೃಢಪಟ್ಟರೆ ಸುತ್ತಲಿನ 1 ಕಿ.ಮೀ. ಒಳಗಿನ ಸಾಕುಹಕ್ಕಿಗಳನ್ನು ಕೊಲ್ಲುತ್ತಾರೆ, 10 ಕಿ.ಮೀ.ವರೆಗೆ ಕಣ್ಗಾವಲು ಇಡುತ್ತಾರೆ. ಮೊಟ್ಟೆಯಿಂದ ಸಾಕಿದ ಹಕ್ಕಿಯನ್ನು ಹಾಗೆ ಕೊಡುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 2009ರ ಪ್ರಾಣಿ ರೋಗ ನಿಯಂತ್ರಣ ಕಾಯ್ದೆಯಂತೆ ತಿಳಿಸುವುದು ಸಾಕುವವನ ಕರ್ತವ್ಯ. ಜೊತೆಗೆ ಇದು ಮನುಷ್ಯರಿಗೂ ತಗಲುವ ರೋಗ. ಅಪರೂಪವಾದರೂ, 2003ರಿಂದೀಚೆಗೆ ಜಗತ್ತಿನಲ್ಲಿ ಎಚ್5ಎನ್1 ತಗಲಿದ 900ಕ್ಕೂ ಹೆಚ್ಚು ಜನರಲ್ಲಿ ಸುಮಾರು ಅರ್ಧದಷ್ಟು ಜನ ಬದುಕಲಿಲ್ಲ. ಸತ್ತ ಹಕ್ಕಿಯನ್ನು ಕುಯ್ದು ನೋಡುವುದು, ಕಾಳಿ ನದಿಗೆ ಎಸೆಯುವುದು, ಮಕ್ಕಳ ಕೈಯಲ್ಲಿ ಹೊರಗೆ ಹಾಕಿಸುವುದು, ಇವು ಯಾವುವೂ ಬೇಡ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿ ಮುಟ್ಟಿದ ಮೇಲೆ ನಿಮಗೆ ಜ್ವರ, ಕೆಮ್ಮು, ಕಣ್ಣುರಿ ಬಂದರೆ ವೈದ್ಯರಿಗೆ ಹಕ್ಕಿ ಸಾಕಿರುವ ವಿಷಯವನ್ನು ಮೊದಲು ಹೇಳಿ. ಅವರಾಗಿಯೇ ಅದನ್ನು ಕೇಳಲಿಕ್ಕಿಲ್ಲ.

ಹಿತ್ತಿಲ ಕೊಟ್ಟಿಗೆಯಲ್ಲಿ ಈಗ ಶಿರಸಿಯ ಗೆಳೆಯರೊಬ್ಬರು ಕೊಟ್ಟ ಒಂದು ಜೋಡಿ ಇದೆ. ಬಂದು 19 ದಿನವಾಯಿತು. ಗೂಡಿನ ಕೆಲಸವೆಲ್ಲ ಮುಗಿದ ಮೇಲೆ ಕೊನೆಗೆ ಅವುಗಳ ಹತ್ತಿರ ಹೋಗುತ್ತೇನೆ, ಅವಕ್ಕೆ ಬೇರೆ ಬಟ್ಟಲು, ಬೇರೆ ಕರಣೆ. ದಿನವೂ ಬೆಳಿಗ್ಗೆ ಐದು ಬಟಾಣಿ ಕಾಳು ನೆಲಕ್ಕೆ ಹಾಕಿ ಕುಳಿತು ನೋಡುತ್ತೇನೆ. ಇಂದು ಎರಡೂ ಒಂದೂ ತಪ್ಪದೆ ಕುಕ್ಕಿದವು. ಇನ್ನು 11 ದಿನ.