ಮೊಮೊಯೆ ಮೈಕನ್ನು ಕೆಳಗಿಟ್ಟದ್ದೇಕೆ?

ನಾನು ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿಸುತ್ತೇನೆ. ವಿದ್ಯಾರ್ಥಿಗಳ ಪ್ರತಿ ತಂಡಕ್ಕೂ ಒಂದು ದಿನ ವ್ಯಾಕರಣ ಬದಿಗಿಟ್ಟು, 1980ರ ಅಕ್ಟೋಬರ್ 5ರಂದು ಟೋಕಿಯೊದ ಬುದೋಕಾನ್ ಸಭಾಂಗಣದಲ್ಲಿ ಜಪಾನಿನ ಜನಪ್ರಿಯ ಗಾಯಕಿ, ನಟಿ ಯಾಮಾಗುಚಿ ಮೊಮೊಯೆ ಕೊನೆಯ ಬಾರಿ ಹಾಡಿದ ದೃಶ್ಯ ತೋರಿಸುತ್ತೇನೆ. ಬಿಳಿಯ ಉಡುಪು, ಕಣ್ತುಂಬ ನೀರು. ಹಾಡು ಮುಗಿದ ಮೇಲೆ ಅವರು ತಲೆಬಾಗಿ ವಂದಿಸಿ, ಬಿಳಿಯ ಮೈಕನ್ನು ವೇದಿಕೆಯ ನಡುವೆ ನೆಲದ ಮೇಲೆ ಮೆಲ್ಲಗೆ ಇಟ್ಟು, ಬೆನ್ನು ತಿರುಗಿಸಿ ನಡೆದುಬಿಡುತ್ತಾರೆ. ಆಮೇಲೆ ಪರದೆಯ ಮೇಲೆ ಉಳಿಯುವುದು ಆ ಮೈಕ್ ಮಾತ್ರ.

ತರಗತಿಯಲ್ಲಿ ಒಂದು ಗಳಿಗೆ ಮೌನ. ಬಳಿಕ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಇಷ್ಟು ಹೆಸರಿದ್ದಾಗ ಇಪ್ಪತ್ತೊಂದನೆಯ ವಯಸ್ಸಿನಲ್ಲೇ ಏಕೆ ಬಿಟ್ಟರು? ಮದುವೆಗಾಗಿ ಎಲ್ಲವನ್ನೂ ಬಲಿ ಕೊಟ್ಟರೇ?"

ಮದುವೆಗಾಗಿ ಬಿಟ್ಟರು ಎಂಬುದು ನಿಜ. ಬಲಿ ಕೊಟ್ಟರು ಎಂಬುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಹೇಳಬೇಕಾದರೆ ಶುರುವಿನಿಂದಲೇ ಹೇಳಬೇಕು.

1959ರಲ್ಲಿ ಹುಟ್ಟಿದ ಮೊಮೊಯೆ ಬೆಳೆದದ್ದು ಅಮೆರಿಕದ ನೌಕಾನೆಲೆಯಿರುವ ಯೊಕೊಸುಕಾ ಊರಿನಲ್ಲಿ. ತಂದೆಗೆ ಬೇರೊಂದು ಸಂಸಾರವಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯೊಬ್ಬರೇ ಸಾಕಿದರು. ತನ್ನದೇ ವಯಸ್ಸಿನ ಮೋರಿ ಮಸಾಕೊ ಎಂಬ ಹುಡುಗಿ ಟಿ.ವಿ.ಯ ಪ್ರತಿಭಾನ್ವೇಷಣೆ ಕಾರ್ಯಕ್ರಮದಲ್ಲಿ ಹಾಡಿ ಗೆದ್ದದ್ದನ್ನು ನೋಡಿ ಈಕೆಯೂ ಅರ್ಜಿ ಹಾಕಿದರು, 1972ರ ಕೊನೆಯಲ್ಲಿ ಎರಡನೆಯ ಸ್ಥಾನ ಪಡೆದರು. ಮರುವರ್ಷ, ಹದಿನಾಲ್ಕನೆಯ ವಯಸ್ಸಿನಲ್ಲಿ, ಮೊದಲ ಧ್ವನಿಮುದ್ರಿಕೆ ಬಂತು.

ಮೊದಲ ಹಾಡು ಅಷ್ಟೇನೂ ಓಡಲಿಲ್ಲ. ಆಗ ಹಾಡಿಸುವವರು ದಾರಿ ಬದಲಿಸಿದರು. ಎರಡನೆಯ ಹಾಡಿನ ಹೆಸರು 'ಅಓಇ ಕಜಿತ್ಸು', ಅಂದರೆ ಇನ್ನೂ ಮಾಗದ ಹಣ್ಣು. ಹರೆಯಕ್ಕೆ ಕಾಲಿಡುತ್ತಿದ್ದ ಹುಡುಗಿಯ ಬಾಯಲ್ಲಿ, ಹೆಣ್ಣು ತನ್ನನ್ನು ಗಂಡಿಗೆ ಒಪ್ಪಿಸಿಕೊಳ್ಳುವ ಇಂಗಿತದ ಸಾಲುಗಳು. ಹಾಡುಗಳು ಗೆದ್ದವು, 1974ರ ಹೊತ್ತಿಗೆ ದೇಶಕ್ಕೆಲ್ಲ ಹೆಸರು ಗೊತ್ತಾಯಿತು. ಆ ಕಾಲದ ಅಭಿಮಾನಿಗಳು ಮುನಿಸಿಕೊಂಡರೂ ಸರಿ, ಆ ಹಾಡುಗಳನ್ನು ನಾನು ತರಗತಿಯಲ್ಲಿ ಹಾಕುವುದಿಲ್ಲ. ದೊಡ್ಡವರು ಮಗುವಿನ ಬಾಯಿಗೆ ತುರುಕಿದ ಮಾತುಗಳು ಅವು.

ಅದೇ 1974ರಲ್ಲಿ ಸಾಹಿತಿ ಕವಾಬಾತಾ ಅವರ 'ಇಜುವಿನ ನರ್ತಕಿ' ಕಥೆಯ ಚಲನಚಿತ್ರದಲ್ಲಿ ಅವರು ನಾಯಕಿಯಾದರು. ನಾಯಕ ಮಿಉರಾ ತೊಮೊಕಜು. ಆಮೇಲೆ ಈ ಜೋಡಿ ಚಿತ್ರದ ಮೇಲೆ ಚಿತ್ರ ಮಾಡಿತು. ಟಿ.ವಿ.ಯಲ್ಲಿ ರಕ್ತದ ಕ್ಯಾನ್ಸರಿನ ಹುಡುಗಿಯಾಗಿ ಅವರು ನಟಿಸಿದ ಧಾರಾವಾಹಿ ಎಂಬತ್ತರ ದಶಕದಲ್ಲಿ ಚೀನಾದಲ್ಲಿ ಪ್ರಸಾರವಾಗಿ ಅಲ್ಲಿಯೂ ಮನೆಮಾತಾಯಿತು. ನಟಿಯಾಗಿ ಅವರಿಗೆ ಅಬ್ಬರ ಗೊತ್ತಿರಲಿಲ್ಲ. ಸುಮ್ಮನೆ ನೋಡುತ್ತ ನಿಂತರೂ ಪಾತ್ರದ ಒಳಗುದಿ ತಿಳಿಯುತ್ತಿತ್ತು.

ನನ್ನ ಉತ್ತರದ ಮುಖ್ಯ ಭಾಗ 1976ರದ್ದು. ಹದಿನೇಳರ ಹುಡುಗಿ, ತನಗೆ ಉಜಾಕಿ ರ್ಯೂದೋ ರಾಗ ಹಾಕಬೇಕೆಂದು ತಾವಾಗಿಯೇ ಕೇಳಿದರು. ಉಜಾಕಿ ರಾಕ್ ತಂಡದವರು. ಹಾಡು ಬರೆದವರು ಅವರ ಹೆಂಡತಿ ಆಕಿ ಯೋಕೊ. ಆಕೆ ಕೂಡ ಬೆಳೆದದ್ದು ಯೊಕೊಸುಕಾದಲ್ಲೇ! ಹುಟ್ಟಿದ್ದು 'ಯೊಕೊಸುಕಾ ಸ್ಟೋರಿ'. ಅದರಲ್ಲಿ 'ಕೊರೆಕ್ಕಿರಿ' ಎಂಬ ಒಂದು ಪದ ಮತ್ತೆ ಮತ್ತೆ ಬರುತ್ತದೆ: ಇಷ್ಟಕ್ಕೇ ಮುಗಿಯಿತೇ, ಮುಂದೆ ಇಲ್ಲವೇ ಎಂಬ ಅರ್ಥ. ಪಠ್ಯಪುಸ್ತಕದಲ್ಲಿ ಒಂದು ಪುಟ ವಿವರಿಸಿದರೂ ಹತ್ತದ ಆ ಪದ ಅವರ ತಗ್ಗು ದನಿಯಲ್ಲಿ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಅಲ್ಲಿಂದ ಅವರು ಹಾಡಿದ ಹೆಣ್ಣು ಕಾಯುವವಳಲ್ಲ, ಗಂಡಿನ ಮುಖ ನೋಡಿ ಎದುರು ಮಾತಾಡುವವಳು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ನಡೆಸುವ, ಗಂಡು-ಹೆಣ್ಣು ತಂಡಗಳು ಸ್ಪರ್ಧಿಸುವ ವರ್ಷಾಂತ್ಯದ ಗಾಯನೋತ್ಸವದಲ್ಲಿ 1978ರಂದು ಮಹಿಳಾ ತಂಡದ ಕಟ್ಟಕಡೆಯ ಹಾಡಿನ ಗೌರವ ಹತ್ತೊಂಬತ್ತರ ಅವರಿಗೆ ಸಿಕ್ಕಿತು.

ಮರುವರ್ಷ ಅಕ್ಟೋಬರ್‌ನಲ್ಲಿ ಒಸಾಕಾದ ವೇದಿಕೆಯ ಮೇಲೆ, ಅಭಿಮಾನಿಗಳ ಎದುರಿಗೇ, ತಾವು ಪ್ರೀತಿಸುತ್ತಿರುವುದು ಮಿಉರಾ ಅವರನ್ನು ಎಂದು ಹೇಳಿಬಿಟ್ಟರು. ತಾರೆಯರ ಪ್ರೀತಿಯನ್ನು ಮುಚ್ಚಿಡುತ್ತಿದ್ದ ಕಾಲ ಅದು. 1980ರ ಮಾರ್ಚ್‌ನಲ್ಲಿ ಮದುವೆ ಮತ್ತು ನಿವೃತ್ತಿ ಎರಡನ್ನೂ ಪ್ರಕಟಿಸಿದರು.

ಮದುವೆಯಾದ ಹೆಣ್ಣು ಕೆಲಸ ಬಿಡುವುದು ಅಂದಿನ ಜಪಾನಿನಲ್ಲಿ ರೂಢಿಯಾಗಿತ್ತು, ಅದನ್ನು ನಾನು ಮರೆಮಾಚುವುದಿಲ್ಲ. ಹಾಗೆ ಬಿಟ್ಟು ಕೊರಗಿದವರು ಎಷ್ಟೋ ಮಂದಿ ಇದ್ದಿರಬೇಕು. ಆದರೆ ಮೊಮೊಯೆ ಹೋಗುವ ಮುನ್ನ ಒಂದು ಪುಸ್ತಕ ಬರೆದರು. ಅದರಲ್ಲಿ ತಂದೆಯ ವಿಷಯವನ್ನೂ ತಮ್ಮ ಹುಟ್ಟಿನ ವಿಷಯವನ್ನೂ ಯಾವ ಮುಲಾಜೂ ಇಲ್ಲದೆ ಹೇಳಿದರು. ತಂದೆಯಿಲ್ಲದ ಮನೆಯಲ್ಲಿ ಬೆಳೆದವರಿಗೆ ಒಂದು ಮನೆ ಬೇಕಾಗಿತ್ತು. ಅದನ್ನು ಯಾರೂ ಅವರ ಮೇಲೆ ಹೇರಲಿಲ್ಲ ಎಂಬುದು ಆ ಪುಟಗಳನ್ನು ಓದಿದಾಗ ನನಗೆ ಖಚಿತವಾಯಿತು.

ಪುಸ್ತಕದ ಹೆಸರು 'ಅಓಇ ತೋಕಿ'. ಹದಿನಾಲ್ಕರಲ್ಲಿ ಹಾಡಿಸಿದ ಆ ಹಾಡಿನಲ್ಲಿದ್ದ 'ಅಓಇ' ಶಬ್ದವೇ ಇಲ್ಲಿಯೂ ಇದೆ. ಉಚ್ಚಾರ ಒಂದೇ, ಬರೆಯುವ ಅಕ್ಷರ ಬೇರೆ. ಹಾಡಿನದ್ದು ಮಕ್ಕಳು ಮೊದಲಿಗೆ ಕಲಿಯುವ ಸಾಮಾನ್ಯ ಅಕ್ಷರ. ನೀಲಿ, ಹಸಿರು, ಕಾಯಿತನ ಎಲ್ಲಕ್ಕೂ ಸಲ್ಲುತ್ತದೆ. ಪುಸ್ತಕದ್ದು ನೆತ್ತಿಯ ಮೇಲೆ ಹುಲ್ಲಿನ ಚಿಹ್ನೆ ಹೊತ್ತ ಅಕ್ಷರ. ಕಡುನೀಲಿಗೂ, ಬಿಳಿಚಿದ ಮುಖಕ್ಕೂ ಬಳಸುತ್ತಾರೆ. ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದು, ಮೊದಲನೆಯದು ಇತರರು ಅವರ ಬಗ್ಗೆ ಹೇಳಿದ್ದು, ಎರಡನೆಯದು ಅವರೇ ತಮ್ಮ ಬಗ್ಗೆ ಹೇಳಿಕೊಂಡದ್ದು ಎನ್ನುತ್ತೇನೆ. ಕೇಳಿದ ಪ್ರಶ್ನೆಗೆ ನನ್ನ ಉತ್ತರ ಅದು.

1980ರ ನವೆಂಬರ್ 19ರಂದು ಮದುವೆಯಾಯಿತು. ಇಚಿಕಾವಾ ಕೋನ್ ನಿರ್ದೇಶನದಲ್ಲಿ ಅವರು ಅವಳಿ ಸೋದರಿಯರಾಗಿ ನಟಿಸಿದ ಕೊನೆಯ ಚಿತ್ರ ತೆರೆಗೆ ಬಂದಾಗ ಅವರಾಗಲೇ ಗೃಹಿಣಿ.

"ಮತ್ತೆ ಹಾಡಲೇ ಇಲ್ಲವೇ ಮೇಡಂ?" ಎಂದು ಕೊನೆಗೆ ಕೇಳುತ್ತಾರೆ. ವೇದಿಕೆಗೆ ಮರಳಲಿಲ್ಲ. ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು, ತುಂಡು ಬಟ್ಟೆಗಳನ್ನು ಕೂಡಿಸಿ ಕೌದಿ ಹೊಲಿಯುವುದನ್ನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದಾರೆ. 2019ರಲ್ಲಿ ಆ ಕೌದಿಗಳದ್ದೇ ಒಂದು ಪುಸ್ತಕ ಹೊರಬಂತು. 'ಅಓಇ ತೋಕಿ' ಬಂದ ಮೂವತ್ತೊಂಬತ್ತು ವರ್ಷಗಳ ಮೇಲೆ ಅದು ಅವರ ಎರಡನೆಯ ಪುಸ್ತಕ.