ಪ್ರಿಟೋರಿಯಾದಿಂದ ಕೇಪ್ ಟೌನ್‌ಗೆ ಹಳೆಯ ಬೋಗಿಯಲ್ಲಿ: ಟಿಕೆಟ್ ತೆಗೆಸುವ ಮುಂಚೆ

ದಕ್ಷಿಣ ಆಫ್ರಿಕಾದಲ್ಲಿ ಹಳೆಯ ಬೋಗಿಗಳನ್ನು ಹೊಸದು ಮಾಡಿ ಓಡಿಸುವ ಐಷಾರಾಮಿ ರೈಲು ರೋವೋಸ್. ಅದಕ್ಕೆ ಹೊರಟವರು ಮೊದಲು ಲೆಕ್ಕ ಹಾಕುವುದು ಯಾವ ದರ್ಜೆ ತೆಗೆಸೋಣ ಎಂದು. ಕೋಣೆ ಬೋಗಿಯ ಯಾವ ಜಾಗದಲ್ಲಿದೆ ಎಂದು ಕೇಳುವವರು ಕಡಿಮೆ. ನಿದ್ದೆ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ದರ್ಜೆ ಮೂರು. ಪುಲ್‌ಮನ್ ಸುಮಾರು 7 ಚದರ ಮೀಟರ್, ಒಂದು ಬೋಗಿಗೆ ಐದು ಕೋಣೆ. ಹಗಲಲ್ಲಿ ಸೋಫಾ, ನೀವು ರಾತ್ರಿ ಊಟಕ್ಕೆ ಹೋದಾಗ ಸಿಬ್ಬಂದಿ ಬಂದು ಅದನ್ನೇ ಹಾಸಿಗೆ ಮಾಡಿಟ್ಟಿರುತ್ತಾರೆ. ಡೀಲಕ್ಸ್ ಸುಮಾರು 10 ಚದರ ಮೀಟರ್, ಬೋಗಿಗೆ ಮೂರು. ರಾಯಲ್ 16 ಚದರ ಮೀಟರ್, ಅಂದರೆ ಅರ್ಧ ಬೋಗಿಯೇ ಒಂದು ಜೋಡಿಗೆ. ಶೌಚ, ಶವರ್ ಎಲ್ಲ ದರ್ಜೆಯಲ್ಲೂ ಕೋಣೆಯೊಳಗೇ ಇವೆ. ರಾಯಲ್‌ನಲ್ಲಿ ಮಾತ್ರ ಅದರ ಜೊತೆಗೆ ವಿಕ್ಟೋರಿಯಾ ಕಾಲದ ಮಾದರಿಯ ಬಾತ್‌ಟಬ್.

ಈಗ ಜಾಗದ ವಿಷಯ. ಬೋಗಿಯ ಚಕ್ರಗಳೆಲ್ಲ ಎರಡು ತುದಿಗಳ ಕೆಳಗಿರುತ್ತವೆ. ತುದಿಯ ಕೋಣೆಯಲ್ಲಿ ಮಲಗಿದವರಿಗೆ ಹಳಿಯ ಪ್ರತಿ ಸಂದಿನ ಸದ್ದು, ಹಳಿ ಕವಲೊಡೆಯುವ ಪ್ರತಿ ಪಾಯಿಂಟ್ ದಾಟುವಾಗಿನ ಕುಲುಕು ನೇರವಾಗಿ ತಟ್ಟುತ್ತದೆ. ನಡುವಿನ ಕೋಣೆ ತೊಟ್ಟಿಲಿನ ಹಾಗೆ ತೂಗುತ್ತದೆ ಅಷ್ಟೇ. ಡೀಲಕ್ಸ್ ತೆಗೆಸುವವರು ಮೂರರಲ್ಲಿ ಮಧ್ಯದ್ದು ಸಿಗುತ್ತದೆಯೇ ಎಂದು ಬುಕಿಂಗ್ ಸಮಯದಲ್ಲೇ ಕೇಳಿಬಿಡಿ. ರಾಯಲ್‌ನಲ್ಲಿ ಆ ಆಯ್ಕೆಯಿಲ್ಲ, ಎರಡೂ ಚಕ್ರದ ಮೇಲೆಯೇ. ನಿದ್ದೆ ಸೂಕ್ಷ್ಮವಾದವರಿಗೆ ನಾನು ರಾಯಲ್‌ಗಿಂತ ಡೀಲಕ್ಸ್‌ನ ನಡುಕೋಣೆಯನ್ನೇ ಹೇಳುತ್ತೇನೆ. ರೈಲಿನಲ್ಲಿ ಹೆಚ್ಚೆಂದರೆ 72 ಪ್ರಯಾಣಿಕರು, ಆದರೆ ಪೂರ್ತಿ ರೈಲು 20 ಬೋಗಿಗಳ ತನಕ ಉದ್ದವಾಗಬಹುದು. ಮಂಡಿನೋವಿರುವ ಹಿರಿಯರು ಜೊತೆಗಿದ್ದರೆ ಊಟದ ಬೋಗಿಗೆ ಹತ್ತಿರದ ಕೋಣೆ ಬೇಕೆಂದು ಹೇಳುವುದು ಒಳ್ಳೆಯದು. ಓಡುವ ರೈಲಿನಲ್ಲಿ ಕಿರಿದಾದ ಓಣಿ ಹಿಡಿದು ಆರೇಳು ಬೋಗಿ ದಾಟುವುದು ಅವರಿಗೆ ಕಷ್ಟ.

ಇಲ್ಲಿನ ಹಳಿಗಳ ನಡುವಿನ ಅಂತರ 1,067 ಮಿಲಿಮೀಟರ್, ಕೇಪ್ ಗೇಜ್ ಎನ್ನುತ್ತಾರೆ. ಕಿರಿದಾದ ಹಳಿ, ಅದರ ಮೇಲೆ ಮರದ ಕೆಲಸ ತುಂಬಿದ ಭಾರದ ಬೋಗಿ. ಹಾಗಾಗಿ ಓಲಾಟ ಇದ್ದದ್ದೇ. ಬಾತ್‌ಟಬ್ಬನ್ನು ಅರ್ಧಕ್ಕಿಂತ ಮೇಲೆ ತುಂಬಿಸಬೇಡಿ, ರೈಲು ನಿಂತಾಗ ಸ್ನಾನ ಮಾಡಿದರೆ ಇನ್ನೂ ಒಳ್ಳೆಯದು. ವೇಗವನ್ನೂ ಗಂಟೆಗೆ 60 ಕಿ.ಮೀ. ಆಸುಪಾಸಿಗೇ ಮಿತಿಗೊಳಿಸುತ್ತಾರೆ. ಕಿಟಕಿ ತೆರೆದು ಮುಖಕ್ಕೆ ಗಾಳಿ ಬಿಟ್ಟುಕೊಂಡು ಹೋಗುವ ಸುಖ ಈ ವೇಗದಲ್ಲೇ ಸಾಧ್ಯ. ನಿಲ್ದಾಣ ಬಂದಾಗ ಮಾತ್ರ ಕಿಟಕಿ ಮುಚ್ಚಿಡಿ, ಫೋನು ಪರ್ಸು ಕಿಟಕಿ ಪಕ್ಕ ಬಿಡಬೇಡಿ.

ರೋಹನ್ ವೋಸ್ 1989ರಲ್ಲಿ ಈ ಸೇವೆ ಆರಂಭಿಸಿದರು. ಗುಜರಿಯ ದಾರಿ ಹಿಡಿದಿದ್ದ ಹಳೆಯ ಬೋಗಿಗಳನ್ನು ಕೊಂಡು ಒಂದೊಂದನ್ನೂ ಒಳಗಿನಿಂದ ಮತ್ತೆ ಕಟ್ಟಿಸಿದ್ದಾರೆ. ಕೆತ್ತನೆಯ ಕಂಬಗಳಿರುವ ಊಟದ ಬೋಗಿಯಲ್ಲಿ ಕೂತಾಗ ಕಂಬದ ಬುಡವನ್ನು ಕೈಯಿಂದ ಸವರಿ ನೋಡಿ. ಮರದ ಮೇಲಿನ ಪಾಲಿಶ್‌ನಲ್ಲಿ ಬಡಗಿಗಳ ಶ್ರಮ ಬೆರಳಿಗೇ ತಿಳಿಯುತ್ತದೆ. ಪ್ರಿಟೋರಿಯಾದಲ್ಲಿ ರೈಲು ಹೊರಡುವುದು ಅವರದೇ ಕ್ಯಾಪಿಟಲ್ ಪಾರ್ಕ್ ನಿಲ್ದಾಣದಿಂದ. ಊರಿನ ಮುಖ್ಯ ನಿಲ್ದಾಣಕ್ಕೆ ಹೋಗಿ ಕಾಯಬೇಡಿ.

ಬಟ್ಟೆ ವಿಷಯ ಚುಟುಕಾಗಿ: ರಾತ್ರಿ ಊಟಕ್ಕೆ ಗಂಡಸರಿಗೆ ಕನಿಷ್ಠ ಕೋಟು, ಟೈ ಬೇಕು. ಸಸ್ಯಾಹಾರವಾದರೆ ಬುಕಿಂಗ್‌ನಲ್ಲೇ ಬರೆಸಿ, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಅದನ್ನೂ ಸ್ಪಷ್ಟವಾಗಿ. ವೈಫೈ, ಟಿವಿ ಇಲ್ಲ. ಫೋನ್ ಬಳಕೆ ನಿಮ್ಮ ಕೋಣೆಯೊಳಗೆ ಮಾತ್ರ. ಒಬ್ಬರಿಗೆ ಮಧ್ಯಮ ಗಾತ್ರದ ಒಂದು ಬ್ಯಾಗ್ ಸಾಕು. ಪುಲ್‌ಮನ್‌ನಲ್ಲಿ ದೊಡ್ಡ ಗಟ್ಟಿ ಸೂಟ್‌ಕೇಸ್ ಇಟ್ಟರೆ ಕಾಲಿಡಲು ಜಾಗ ಉಳಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಸಮಯದ ವಿಚಾರದಲ್ಲಿ. ಕೇಪ್ ಟೌನ್‌ಗೆ ಸುಮಾರು 1,600 ಕಿ.ಮೀ. ಎಂಜಿನ್ನಿಗೆ ಮೇಲಿನ ತಂತಿಯಿಂದ ಸಿಗುವ ವಿದ್ಯುತ್ ದಾರಿಯುದ್ದಕ್ಕೂ ಒಂದೇ ಬಗೆಯದಲ್ಲ: ಕೆಲವು ಕಡೆ 3,000 ವೋಲ್ಟ್ ಡಿಸಿ, ಕೆಲವು ಕಡೆ 25,000 ವೋಲ್ಟ್ ಎಸಿ. ಒಂದು ಮುಗಿದು ಇನ್ನೊಂದು ಶುರುವಾಗುವಲ್ಲಿ ಎಂಜಿನ್ ಬದಲಿಸಬೇಕು. ಇತ್ತೀಚಿನ ವರ್ಷಗಳಲ್ಲಿ ತಾಮ್ರಕ್ಕಾಗಿ ತಂತಿ ಕದಿಯುವುದು ಹೆಚ್ಚಿದೆ. ತಂತಿಯಿಲ್ಲದ ಕಡೆ ಡೀಸೆಲ್ ಎಂಜಿನ್ನೇ ಎಳೆಯಬೇಕು, ಸಿಗ್ನಲ್ ಕೆಟ್ಟ ಕಡೆ ಒಂದೊಂದು ರೈಲನ್ನೂ ಮಾತಿನಲ್ಲೇ ಅನುಮತಿ ಕೊಟ್ಟು ದಾಟಿಸಬೇಕು. ಗೂಡ್ಸ್ ರೈಲು ಮುಂದಿದ್ದರೆ ಕಾಯಬೇಕು. ಹೀಗೆ ಗಂಟೆಗಟ್ಟಲೆ ತಡವಾಗುವುದನ್ನು ಪ್ರಯಾಣದ ಭಾಗ ಎಂದೇ ಎಣಿಸಿಕೊಳ್ಳಿ. ಇಳಿಯುವ ದಿನವೇ ವಿಮಾನ ಹಿಡಿಯುವ ಯೋಚನೆ ದಯವಿಟ್ಟು ಬೇಡ, ಒಂದು ರಾತ್ರಿ ಕೇಪ್ ಟೌನ್‌ನಲ್ಲಿ ಉಳಿಯಿರಿ. ತಡವಾದಾಗ ಮೊದಲು ಕತ್ತರಿ ಬೀಳುವುದು ಇಳಿದು ನೋಡುವ ಜಾಗಗಳಿಗೆ. ದಾರಿಯಲ್ಲಿ ಸಿಗುವ ಕಿಂಬರ್ಲಿಯ ವಜ್ರದ ಗಣಿ, 1914ರಲ್ಲಿ ಕೆಲಸ ನಿಂತ ಆ ಮಹಾಗುಂಡಿ, ನಿಮಗೆ ನೋಡಲೇಬೇಕಾದದ್ದಾದರೆ ಈ ರೈಲಿನ ನಿಲುಗಡೆಯೊಂದನ್ನೇ ನೆಚ್ಚಿಕೊಳ್ಳಬೇಡಿ.

ದಾರಿಯಲ್ಲಿ ಸಿಗುವ ಕರೂ ಎಂಬ ಒಣ ಬಯಲು ನೋಡಲು ಜಾಗವೆಂದರೆ ರೈಲಿನ ಕೊನೆಯ ಬೋಗಿ. ಅದರ ಹಿಂಬದಿ ತೆರೆದ ಜಗಲಿ ಇದೆ. ಸೂರ್ಯೋದಯಕ್ಕೆ ಮುಂಚೆ ಹೋದರೆ ಅಲ್ಲಿ ಯಾರೂ ಇರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಚಳಿಗಾಲ, ಬೆಳಗಿನ ಜಾವ ನೀರು ಹೆಪ್ಪುಗಟ್ಟುವಷ್ಟು ಚಳಿ. ಕೋಟಿನೊಳಗೆ ಸ್ವೆಟರ್ ಇರಲಿ. ಮಾಟ್ಯೀಸ್‌ಫೊಂಟೇನ್ ಎಂಬ ಪುಟ್ಟ ಊರನ್ನು 1884ರಲ್ಲಿ ಕಟ್ಟಿಸಿದ್ದು ಜೇಮ್ಸ್ ಲೋಗನ್ ಎಂಬ ಸ್ಕಾಟ್ಲೆಂಡಿನವರು. ಆ ಊರಿಗೆ ಸುಮಾರು 5 ಕಿ.ಮೀ. ಮೊದಲೇ ಇಳಿದು ನಡೆದು ಹೋಗಲು ಅವಕಾಶ ಕೊಡುವುದುಂಟು. ಜಲ್ಲಿ ಹಾದಿ, ನೆರಳಿಲ್ಲ. ಶೂ, ಟೋಪಿ, ನೀರು ಬೇಕು. ಮುಂದೆ ಹೆಕ್ಸ್ ನದಿ ಕಣಿವೆಗೆ ಇಳಿಯುವಾಗ ಸುರಂಗಗಳ ಸಾಲು. 1989ರಲ್ಲಿ ತೆರೆದ ಇವುಗಳಲ್ಲಿ ಅತಿ ಉದ್ದದ್ದು 13.5 ಕಿ.ಮೀ. ಆ ಹೊತ್ತಿಗೆ ಜಗಲಿ ಬಿಟ್ಟು ಒಳಗೆ ಬನ್ನಿ, ಕಿಟಕಿ ಮುಚ್ಚಿ. ಡೀಸೆಲ್ ಎಂಜಿನ್ ಇದ್ದರೆ ಹೊಗೆಯೆಲ್ಲ ಹಿಂದಕ್ಕೇ ಬರುತ್ತದೆ. ಸುರಂಗ ಮುಗಿದೊಡನೆ ದ್ರಾಕ್ಷಿ ತೋಟಗಳ ಹಸಿರು ಕಣ್ಣಿಗೆ ರಾಚುತ್ತದೆ, ಕ್ಯಾಮೆರಾ ಸಿದ್ಧವಿರಲಿ.

ಕೇಪ್ ಟೌನ್ ಬದಲು ವಿಕ್ಟೋರಿಯಾ ಜಲಪಾತದ ದಾರಿ ಹಿಡಿಯುವವರಿಗೆ ಜಿಂಬಾಬ್ವೆಯ ಬುಲವಾಯೊ ಊರಿನಾಚೆ ಗ್ವಾಯಿಯಿಂದ ಡೆಟೆವರೆಗೆ 114 ಕಿ.ಮೀ. ಒಂದೇ ಒಂದು ತಿರುವಿಲ್ಲದ ಹಳಿ ಸಿಗುತ್ತದೆ. ಪಕ್ಕದಲ್ಲೇ ಹ್ವಾಂಗೆ ಅಭಯಾರಣ್ಯ, ಕೋಣೆಯ ಕಿಟಕಿಯಿಂದಲೇ ಆನೆ ಕಾಣಬಹುದು. ಏಪ್ರಿಲ್ ಸುಮಾರಿಗೆ ಜಲಪಾತದ ನೀರು ಎಷ್ಟಿರುತ್ತದೆಂದರೆ ತುಂತುರಿನ ಮಂಜಿನಲ್ಲಿ ಜಲಪಾತವೇ ಕಾಣುವುದಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಜಾಂಬಿಯಾ ಕಡೆಯ ಬಂಡೆ ಬಹುಪಾಲು ಒಣಗಿರುತ್ತದೆ. ಜೂನ್, ಜುಲೈ ಹದವಾದ ಕಾಲ. ಅಲ್ಲಿ ಮಲೇರಿಯಾ ಇದೆ, ಮಾತ್ರೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ. ಜಿಂಬಾಬ್ವೆಯಲ್ಲಿ ಸಣ್ಣ ಮುಖಬೆಲೆಯ ಅಮೆರಿಕನ್ ಡಾಲರ್ ನೋಟುಗಳು ಉಪಯೋಗಕ್ಕೆ ಬರುತ್ತವೆ, ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ. ರೈಲು ನೇರ ಜಿಂಬಾಬ್ವೆಗೆ ಹೋಗುತ್ತದೋ ಬೋಟ್ಸ್ವಾನಾ ಹಾದು ಹೋಗುತ್ತದೋ ಎಂದು ವಿಚಾರಿಸಿಯೇ ವೀಸಾಕ್ಕೆ ಅರ್ಜಿ ಹಾಕಿ. ಜಲಪಾತ ನೋಡಿ ಮತ್ತೆ ಜೊಹಾನ್ಸ್‌ಬರ್ಗ್‌ಗೆ ಬಂದು ಊರೊಳಗೆ ಹೋಗುವ ಯೋಚನೆಯಿದ್ದರೆ ದಕ್ಷಿಣ ಆಫ್ರಿಕಾದ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಕ್ಕೆ ಇರಬೇಕು, ಪಾಸ್‌ಪೋರ್ಟ್‌ನಲ್ಲಿ ಖಾಲಿ ಪುಟಗಳೂ ಸಾಕಷ್ಟು ಉಳಿದಿರಬೇಕು.