ಕಬ್ಬಿಣದಿಂದಲೇ ಸಾಯುವ ಕ್ಯಾನ್ಸರ್ ಕೋಶ

ಫೆರಾಪ್ಟೋಸಿಸ್ ಬಗ್ಗೆ ಕೇಳಿದ್ದೀರಾ? 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರೆಂಟ್ ಸ್ಟಾಕ್‌ವೆಲ್ ತಂಡ ಕೋಶ ಸಾಯುವ ಒಂದು ಬಗೆಗೆ ಇಟ್ಟ ಹೆಸರು. ಕೋಶದೊಳಗಿನ ಕಬ್ಬಿಣ ಅದರ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತಾ ಹೋಗುತ್ತದೆ, ಹಳೇ ಎಣ್ಣೆ ಕಮಟು ಹಿಡಿಯುತ್ತದಲ್ವಾ ಹಾಗೆ, ಕೊನೆಗೆ ಪೊರೆ ಹರಿದು ಕೋಶವೇ ಸಾಯುತ್ತದೆ. ಇದನ್ನು ತಡೆಯುವುದು ಜಿಪಿಎಕ್ಸ್4 ಎಂಬ ಕಿಣ್ವ. ಅದಕ್ಕೆ ಗ್ಲುಟಾಥಿಯೋನ್ ಎಂಬ ರಕ್ಷಕ ವಸ್ತು ಬೇಕು, ಗ್ಲುಟಾಥಿಯೋನ್ ತಯಾರಾಗಲು ಹೊರಗಿನಿಂದ ಸಿಸ್ಟೀನ್ ಎಂಬ ಅಮೈನೋ ಆಮ್ಲ ಬರಬೇಕು. ಆ ಸರಬರಾಜು ನಿಲ್ಲಿಸಿದರೆ ಕೋಶದ ಕತೆ ಮುಗೀತು.

ಕ್ಯಾನ್ಸರ್ ಕೋಶವನ್ನು ಹೀಗೇ ಸಾಯಿಸಬಹುದಾ ಎಂಬ ಆಸೆ ಸ್ತನ ಕ್ಯಾನ್ಸರಿನಲ್ಲಿ ಜಾಸ್ತಿ ಇರುವುದು ಟ್ರಿಪಲ್ ನೆಗೆಟಿವ್ ಬಗೆಯ ಮೇಲೆ, ಅಂದ್ರೆ ಔಷಧಿ ಗುರಿಯಿಡುವ ಎರಡು ಹಾರ್ಮೋನ್ ಗ್ರಾಹಕಗಳೂ ಹರ್2 ಎಂಬ ಪ್ರೋಟೀನಿನ ಹೆಚ್ಚಳವೂ ಇಲ್ಲದ ಬಗೆ. ಅದಕ್ಕೆ ಹಾರ್ಮೋನ್ ಮಾತ್ರೆ ನಾಟುವುದಿಲ್ಲ. ಆದರೆ ಲ್ಯಾಬಿನಲ್ಲಿ ಅದರ ಎಷ್ಟೋ ಕೋಶಗಳು ಫೆರಾಪ್ಟೋಸಿಸ್‌ಗೆ ಬೇಗ ಬಲಿಯಾಗುತ್ತವೆ. ಕೀಲುವಾತಕ್ಕೆ ಕೊಡುವ ಹಳೇ ಸಲ್ಫಾಸಲಜೀನ್ ಔಷಧಿ ಕೂಡ ಸಿಸ್ಟೀನ್ ದಾರಿ ಮುಚ್ಚಬಲ್ಲದು. ತೊಡಕೇನು ಅಂದ್ರೆ ನಮ್ಮ ಕಿಡ್ನಿಗೂ ಜಿಪಿಎಕ್ಸ್4 ಬೇಕೇ ಬೇಕು. ಸುಮ್ನೆ ಇದನ್ನು ಓದಿ ಐರನ್ ಮಾತ್ರೆ ನುಂಗಲು ಹೋಗಬೇಡಿ ಮತ್ತೆ!